‘ಮತ್ತೆ ಬಂದೆಯೇನಮ್ಮಾ?’

ದೊಡ್ಡಬಳ್ಳಾಪುರದ ಮಗ್ಗದ ಕೇರಿಯ ಹೆಣ್ಣುಮಗಳು ತಲೆನೋವೆಂದು ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ಬರುತ್ತಾಳೆ. ಮುಂದಿನ ವಾರ ಸೊಂಟನೋವು. ಅದರ ಮುಂದಿನ ವಾರ ಎದೆಯುರಿ, ಸುಸ್ತು, ನಿದ್ದೆಯಿಲ್ಲ. ಚೀಟಿ ಬರೆಯುವವರಿಗೆ ಅವಳ ಮುಖ ಬಾಯಿಪಾಠ. “ಮತ್ತೆ ಬಂದೆಯೇನಮ್ಮಾ?” ಅದೇ ನೋವಿನ ಮಾತ್ರೆ, ಅದೇ ಬಿ ಕಾಂಪ್ಲೆಕ್ಸ್, ಮತ್ತೆ ಅದೇ ಮನೆಯ ದಾರಿ. ಆ ಮನೆಯೊಳಗೆ ಏನು ನಡೆಯುತ್ತಿದೆ ಎಂದು ಕೇಳಿದವರುಂಟೆ?

ಪದೇ ಪದೇ ಬರುವ ರೋಗಿಗಳ ಜೊತೆ ನರ್ಸು ತಿಂಗಳುಗಟ್ಟಲೆ ಮಾತಾಡಿ ಆರೋಗ್ಯದ ದಾರಿ ತೋರಿಸುವ ಪ್ರಯೋಗಗಳು ಸ್ವೀಡನ್, ಇಂಗ್ಲೆಂಡುಗಳಲ್ಲಿ ನಡೆದಿವೆ. ನಮ್ಮಲ್ಲೂ 2018ರಿಂದ ಉಪಕೇಂದ್ರಗಳಿಗೆ ಸಮುದಾಯ ಆರೋಗ್ಯ ಅಧಿಕಾರಿಗಳು ಬರತೊಡಗಿದರು. ಹೆಚ್ಚಿನವರು ನರ್ಸಿಂಗ್ ಓದಿದವರು. ಉಪ್ಪು ಕಡಿಮೆ ಮಾಡು, ನಡೆದಾಡು, ಚಿಂತೆ ಬಿಡು ಎನ್ನುತ್ತಾರೆ. ಒಳ್ಳೆಯ ಮಾತೇ. ಆದರೆ ಗಂಡ ತಲೆಯನ್ನು ಗೋಡೆಗೆ ಬಡಿದಿದ್ದರಿಂದ ತಲೆನೋವು ಬಂದವಳಿಗೆ ‘ಚಿಂತೆ ಬಿಡು’ ಎಂದರೆ ಅದು ಆರೋಗ್ಯ ಶಿಕ್ಷಣವೋ, ಸಹಿಸಿಕೋ ಎಂಬ ಉಪದೇಶವೋ? ‘ಅನುಸರಿಸಿಕೊಂಡು ಹೋಗು’ ಎಂದು ಅವಳ ತವರು ಹೇಳಿಯಾಗಿದೆ, ಊರ ಹಿರಿಯರು ಹೇಳಿಯಾಗಿದೆ. ಅದನ್ನೇ ಹೇಳಲು ಸರ್ಕಾರ ಸಂಬಳ ಕೊಟ್ಟು ಇನ್ನೊಬ್ಬರನ್ನು ಕೂರಿಸಬೇಕಿಲ್ಲ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿರುವುದಾಗಿ ಹೇಳಿದರು. ದೇಶದಲ್ಲಿ ಹಿಂಸೆ ಅನುಭವಿಸಿದವರ ಪೈಕಿ ಯಾರದಾದರೂ ನೆರವು ಕೇಳಿದವರು ಶೇ. 14 ಮಾತ್ರ. ಉಳಿದವರು ಬಾಯಿ ಬಿಡಲಿಲ್ಲ. ಬಾಯಿ ಬಿಡದಿದ್ದರೂ ಆಸ್ಪತ್ರೆಗಂತೂ ಬಂದರಲ್ಲ!

“ಅದು ಅವರ ಮನೆ ವಿಷಯ, ನಮಗೇಕೆ?” ಎನ್ನುವ ವೈದ್ಯರಿದ್ದಾರೆ. ಸ್ವಾಮಿ, ಕಾನೂನು ಓದಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆ 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ದೌರ್ಜನ್ಯದ ವರದಿ ಇಲ್ಲವೆಂಬ ನೆಪದಲ್ಲಿ ಚಿಕಿತ್ಸೆ ನಿರಾಕರಿಸುವಂತಿಲ್ಲ. ವರದಿ ಆಗಿಲ್ಲದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ಒಂದನೇ ನಮೂನೆ ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು. ತಪಾಸಣೆಯ ವರದಿಯ ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು. ಮುಂದೆ ನ್ಯಾಯಾಲಯದಲ್ಲಿ ಅವಳ ಕೈಯಲ್ಲಿರುವ ಗಟ್ಟಿ ಸಾಕ್ಷಿ ಅದೊಂದೇ ಆಗಿರಬಹುದು.

ಇದು ಆಗದ ಮಾತಲ್ಲ. ಮುಂಬಯಿಯ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ 2000ದಲ್ಲೇ ‘ದಿಲಾಸಾ’ ಕೇಂದ್ರ ಶುರುವಾಯಿತು. ಗಾಯ ನೋಡಿ ಕೇಳುವುದನ್ನು, ಕೇಳಿದ್ದನ್ನು ಗುಟ್ಟಾಗಿಡುವುದನ್ನು ಆಸ್ಪತ್ರೆಯ ಸಿಬ್ಬಂದಿಗೇ ಕಲಿಸಲಾಯಿತು. ಆದರೆ ಅತ್ತೆ ಪಕ್ಕದ ಬೆಂಚಿನಲ್ಲಿ ಕೂತಿರುವಾಗ “ಗಂಡ ಹೊಡೀತಾನಾ?” ಎಂದು ಕೂಗಿ ಕೇಳುವುದು ಕೇಳದೆ ಇರುವುದಕ್ಕಿಂತ ಕೆಟ್ಟದ್ದು, ಆ ರಾತ್ರಿ ಅವಳಿಗೆ ಇನ್ನೆರಡು ಏಟು ಹೆಚ್ಚು. ಬಾಗಿಲು ಮುಚ್ಚುವ ಕೋಣೆ ಬೇಕು. ಅರ್ಧ ಗಂಟೆ ಬಿಡುವು ಬೇಕು. ಅವಳು ಒಪ್ಪದೆ ಗಂಡನನ್ನು ಕರೆಸಿ ರಾಜಿ ಮಾಡಿಸುವ ಚಪಲವಂತೂ ಬೇಡವೇ ಬೇಡ.

ನರ್ಸಮ್ಮನನ್ನು ಬೈದು ಪ್ರಯೋಜನವಿಲ್ಲ. ಲೆಕ್ಕದಲ್ಲಿ 5,000 ಜನಕ್ಕೊಂದು ಉಪಕೇಂದ್ರ. ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳಲ್ಲಿ ಕಾರ್ಖಾನೆ, ಗೋದಾಮುಗಳ ಸುತ್ತ ಬಾಡಿಗೆ ಮನೆಗಳಲ್ಲಿ ತುಂಬಿರುವವರು ಎಷ್ಟೋ. ಅವಳು ಲಸಿಕೆ ಹಾಕಬೇಕು, ಬಾಣಂತಿಯರನ್ನು ನೋಡಬೇಕು, ರಿಜಿಸ್ಟರು ತುಂಬಬೇಕು. ಅವಳ ಮನೆಯಲ್ಲೂ ಅದೇ ಕಥೆ ಇರಬಹುದು. ಅವಳಿಗೆ ತರಬೇತಿ ಕೊಡಿ, ಬೇರೆ ಕೆಲಸ ಇಳಿಸಿ. ಗಂಡಸೊಬ್ಬ ಗಲಾಟೆಗೆ ಬಂದರೆ ಇಲಾಖೆ ಅವಳ ಬೆನ್ನಿಗೆ ನಿಲ್ಲಲಿ.

ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಸದ್ಯ ನಮ್ಮದು ಒಂದೇ ಪ್ರಶ್ನೆ. ಈ ನಾಲ್ಕು ತಾಲೂಕುಗಳ ಆರೋಗ್ಯ ಕೇಂದ್ರಗಳಿಂದ ಕಳೆದ ವರ್ಷ ಎಷ್ಟು ಒಂದನೇ ನಮೂನೆಗಳು ಸಂರಕ್ಷಣಾಧಿಕಾರಿಗಳ ಕಚೇರಿ ತಲುಪಿವೆ? ಕೇಂದ್ರವಾರು ಲೆಕ್ಕ ಕೊಡಿ.