ಯಂತ್ರದಾನ

ದಾನದ ಎಮ್ಮೆಯ ಹಲ್ಲನ್ನು ಎಣಿಸಬಾರದೆಂಬುದು ಗಾದೆ. ಕೊಟ್ಟುದನ್ನು ಕೃತಜ್ಞತೆಯಿಂದ ಸ್ವೀಕರಿಸಬೇಕೇ ಹೊರತು ಅದರಲ್ಲಿ ಕುಂದನ್ನು ಹುಡುಕಬಾರದೆಂಬುದು ಅದರ ಆಶಯ. ಲೋಕವ್ಯವಹಾರದಲ್ಲಿ ಇದು ಒಪ್ಪತಕ್ಕ ನೀತಿಯೇ. ಆದರೆ ದಾನವಾಗಿ ಬಂದುದು ರೋಗಿಯ ಉಸಿರನ್ನು ಕಾಯುವ ಯಂತ್ರವಾದಾಗ ಈ ನೀತಿ ಸಾಲದು.

ನಮ್ಮ ದೇಶದ 2013ರ ಕಂಪನಿ ಕಾಯಿದೆಯಂತೆ, ನಿಗದಿತ ಪ್ರಮಾಣವನ್ನು ಮೀರಿದ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ರಷ್ಟನ್ನಾದರೂ ಸಮಾಜಹಿತಕ್ಕೆ ವಿನಿಯೋಗಿಸಬೇಕು. ಕಾಡಿನಂಚಿನಲ್ಲಿಯೂ ಬೆಟ್ಟದ ಮೇಲೆಯೂ ಇರುವ ಧರ್ಮಾರ್ಥ ಆಸ್ಪತ್ರೆಗಳಿಗೆ ಬೆಲೆಬಾಳುವ ಉಪಕರಣಗಳು ದೊರೆಯಲು ಇದೂ ಒಂದು ದಾರಿಯಾಯಿತು. ಇದು ಸಂತೋಷದ ಸಂಗತಿಯೆಂಬುದರಲ್ಲಿ ಸಂದೇಹವಿಲ್ಲ.

ಆದರೆ ಯಂತ್ರವು ತಾನಾಗಿ ಬದುಕುವ ವಸ್ತುವಲ್ಲ. 2021ರಲ್ಲಿ ಕೊರೋನಾದ ಎರಡನೆಯ ಅಲೆಯಿಂದ ಆಮ್ಲಜನಕದ ಅಭಾವ ತಲೆದೋರಿದಾಗ, ಅನೇಕ ಕಂಪನಿಗಳು ಆಮ್ಲಜನಕ ಘಟಕಗಳನ್ನು ಕೊಡುಗೆಯಾಗಿ ನೀಡಿದವು. ಈ ಘಟಕದಲ್ಲಿ ಒತ್ತಿದ ಗಾಳಿಯನ್ನು ಜಿಯೋಲೈಟ್ ಎಂಬ ಖನಿಜದ ಹರಳುಗಳ ನಡುವೆ ಹಾಯಿಸುತ್ತಾರೆ. ಹರಳುಗಳು ಸಾರಜನಕವನ್ನು ಹಿಡಿದಿಡುತ್ತವೆ. ಆಮ್ಲಜನಕ ಮುಂದೆ ಸಾಗುತ್ತದೆ. ಗಾಳಿಯ ತೇವ ಒಳಹೊಕ್ಕರೆ ಹರಳುಗಳ ಶಕ್ತಿ ಕುಂದುತ್ತದೆ. ಶೋಧಕಗಳಲ್ಲಿ ಧೂಳು ತುಂಬಿದರೆ ಯಂತ್ರ ಏದುತ್ತದೆ. ವಿದ್ಯುತ್ತು ಕೈಕೊಟ್ಟರೆ ನಿಂತೇ ಹೋಗುತ್ತದೆ. ಶುಲ್ಕವನ್ನೇ ಪಡೆಯದ ಆಸ್ಪತ್ರೆ ಈ ವೆಚ್ಚವನ್ನೆಲ್ಲ ಎಲ್ಲಿಂದ ತರಬೇಕು? ಆನೆಯನ್ನು ಕೊಟ್ಟು ಮೇವಿನ ಮಾತೆತ್ತದ ದಾನ ಬಡವನಿಗೆ ಹೊರೆಯೇ ಸರಿ.

ಕೆಲವು ದೇಶಗಳಲ್ಲಿ ದಾನವಾಗಿ ಬಂದ ವೈದ್ಯಕೀಯ ಉಪಕರಣಗಳ ಪೈಕಿ ಶೇಕಡಾ 10ರಿಂದ 30ರಷ್ಟು ಮಾತ್ರ ಬಳಕೆಗೆ ಬರುತ್ತವೆಯೆಂಬ ಅಂದಾಜನ್ನು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ಪ್ರಕಟಿಸಿತು. ಪಡೆಯುವವರ ಇಚ್ಛೆಯನ್ನು ಗೌರವಿಸಬೇಕು, ತನಗೆ ಬೇಡವಾದುದನ್ನು ಪರರಿಗೆ ಕೊಡಬಾರದು ಎಂಬುದು ಆ ಸಂಸ್ಥೆ ಹೇಳುವ ದಾನಧರ್ಮದ ಸಾರ.

ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಅವರು 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಅವರು ಮೊದಲು ಗಳಿಸಿದ್ದು ಸೋಲಿಗರ ವಿಶ್ವಾಸವನ್ನು. ಮುಂದೆ ಸೋಲಿಗ ಯುವತಿಯರೂ ಆರೋಗ್ಯ ಸೇವೆಯ ತರಬೇತಿ ಪಡೆದರು. ಯಂತ್ರವನ್ನು ಕೊಡುವವರು ನೆನೆಯಬೇಕಾದ ಪಾಠ ಇಲ್ಲಿದೆ. ಯಂತ್ರದೊಡನೆ ಅದನ್ನು ನಡೆಸುವ ಕೈಯನ್ನೂ ಆ ನೆಲದಲ್ಲಿಯೇ ಸಿದ್ಧಗೊಳಿಸಬೇಕು. ಕೆಲವು ವರ್ಷಗಳ ದುರಸ್ತಿಯ ಹೊಣೆಯನ್ನೂ ಹೊರಬೇಕು.

ಹೀಗೆ ಕೇಳಿದರೆ ದಾನಿ ಮುನಿದಾನೆಂಬ ಅಂಜಿಕೆ ಬಡ ಆಸ್ಪತ್ರೆಗೆ ಸಹಜ. ಆದರೆ ಹಿತವನ್ನು ಬಯಸಿ ಕೊಡುವವನು ಪ್ರಶ್ನೆಗೆ ಮುನಿಯನು; ಮುನಿಯುವವನು ಬಯಸಿದ್ದು ನಾಮಫಲಕವನ್ನಷ್ಟೆ. ಕೊಟ್ಟ ದಿನದ ಸಮಾರಂಭದಲ್ಲಿ ಯಂತ್ರದಾನದ ಫಲ ಕಾಣದು. ಐದು ವರ್ಷಗಳ ಬಳಿಕ, ಮಳೆಗಾಲದ ನಡುರಾತ್ರಿಯಲ್ಲಿ, ಏದುಸಿರು ಬಿಡುವ ಕೂಸನ್ನು ತಾಯಿಯೊಬ್ಬಳು ಎತ್ತಿ ತಂದಾಗ ಆ ಯಂತ್ರ ನಡೆಯುವುದಾದರೆ, ಆ ದಾನ ಸಾರ್ಥಕ.