ಶಿರಸ್ತ್ರಾಣದ ಒಳಗಿನ ಮುಖ

ಮಕ್ಕಳ ಕೈಯಲ್ಲಿ ಚಿತ್ರಕಥೆಯ ಪುಸ್ತಕವನ್ನು ಕಂಡೊಡನೆ ಹುಬ್ಬುಗಂಟಿಕ್ಕುವ ತಂದೆತಾಯಿಗಳು ಎಲ್ಲ ದೇಶಗಳಲ್ಲಿಯೂ ಉಂಟು. ಪಾಠದ ಪುಸ್ತಕದ ಮರೆಯಲ್ಲಿ ಇನ್ನೊಂದು ಪುಸ್ತಕವನ್ನಿಟ್ಟುಕೊಂಡು ಓದುವ ಮಕ್ಕಳೂ ಎಲ್ಲ ದೇಶಗಳಲ್ಲಿಯೂ ಉಂಟು. ಈ ಎರಡು ಪಕ್ಷಗಳ ವ್ಯಾಜ್ಯ ಸಾಮಾನ್ಯವಾಗಿ ಮನೆಯೊಳಗೇ ಹುಟ್ಟಿ ಮನೆಯೊಳಗೇ ತಣ್ಣಗಾಗುತ್ತದೆ. ಆದರೆ ಅಮೆರಿಕೆಯಲ್ಲಿ ಅದು 1954ರಲ್ಲಿ ಹೊಸ್ತಿಲು ದಾಟಿ ಸೆನೆಟ್ ಸಭೆಯ ಉಪಸಮಿತಿಯ ಮುಂದೆ ಹೋಯಿತು. ಆ ವ್ಯಾಜ್ಯದ ಕೊನೆಯ ಅಂಕದಲ್ಲಿ ಸಿಕ್ಕಿಬಿದ್ದದ್ದು ಕೆಲವೇ ಪುಟಗಳ ಒಂದು ವಿಜ್ಞಾನ ಕಥೆ. ಕಥೆಯೊಂದರ ನೀತಿ ಎಲ್ಲಿರುತ್ತದೆ ಎಂದು ಯೋಚಿಸುವವರು ಆ ಕಥೆಯ ಕಥೆಯನ್ನು ಒಮ್ಮೆ ಕೇಳಬೇಕು.

ಅದರ ಹೆಸರು 'ಜಡ್ಜ್‌ಮೆಂಟ್ ಡೇ', ಎಂದರೆ ತೀರ್ಪಿನ ದಿನ. ಭೂಮಿಯಿಂದ ಬಹುದೂರದಲ್ಲಿರುವ ಸೈಬ್ರೀನಿಯಾ ಎಂಬ ಗ್ರಹಕ್ಕೆ ಟಾರ್ಲ್ಟನ್ ಎಂಬ ಗಗನಯಾತ್ರಿ ಬಂದಿಳಿಯುತ್ತಾನೆ. ಆ ಗ್ರಹದಲ್ಲಿ ಇರುವವರೆಲ್ಲರೂ ಯಂತ್ರಮಾನವರು. ಅವರನ್ನು ಅಲ್ಲಿ ನೆಲೆಗೊಳಿಸಿದವರು ಹಿಂದಿನ ಕಾಲದ ಮನುಷ್ಯರು. ಅನಂತರ ಆ ಯಂತ್ರಮಾನವರು ತಾವೇ ಊರು ಕಟ್ಟಿ, ಆಡಳಿತ ನಡೆಸಿ, ತಮ್ಮಂಥವರನ್ನು ತಾವೇ ತಯಾರಿಸಿಕೊಂಡು ಬೆಳೆದಿದ್ದಾರೆ. ನಕ್ಷತ್ರಲೋಕಗಳ ಮಹಾಗಣರಾಜ್ಯಕ್ಕೆ ಸೇರಲು ಈ ಸಮಾಜ ಅರ್ಹವಾಗಿದೆಯೆ ಎಂದು ಪರೀಕ್ಷಿಸುವುದು ಟಾರ್ಲ್ಟನ್ನನ ಕೆಲಸ. ಅವನ ಮೈಯೆಲ್ಲ ಗಗನಯಾತ್ರೆಯ ಉಡುಪಿನಿಂದ ಮುಚ್ಚಿದೆ. ತಲೆಯ ಮೇಲಿನ ಶಿರಸ್ತ್ರಾಣದಿಂದಾಗಿ ಮುಖವೂ ಕಾಣದು.

ಕಿತ್ತಳೆ ಬಣ್ಣದ ಯಂತ್ರಮಾನವನೊಬ್ಬ ಅತಿಥಿಯನ್ನು ಎದುರುಗೊಂಡು ಊರನ್ನು ತೋರಿಸುತ್ತಾನೆ. ಎಲ್ಲವೂ ಅಚ್ಚುಕಟ್ಟು. ತಾವು ತಯಾರಾಗುವ ಕಾರ್ಖಾನೆಯನ್ನು ಅವನು ಹೆಮ್ಮೆಯಿಂದ ತೋರಿಸುತ್ತಾನೆ. ನೀಲಿ ಬಣ್ಣದ ಯಂತ್ರಮಾನವರು ಎಲ್ಲಿ ಎಂದು ಟಾರ್ಲ್ಟನ್ ಕೇಳಿದಾಗ ಮಾತ್ರ ಅವನ ಉತ್ಸಾಹ ಇಳಿಯುತ್ತದೆ. ಅವರ ಬೀದಿಗಳು ಊರಿನ ಇನ್ನೊಂದು ಭಾಗದಲ್ಲಿವೆ. ಅಲ್ಲಿಗೆ ಹೋಗುವ ವಾಹನದಲ್ಲಿ ನೀಲಿಯವರಿಗೆ ಸ್ಥಳ ಹಿಂಭಾಗದಲ್ಲಿ. ಅವರ ಕಾರ್ಖಾನೆ ಬೇರೆ, ಕೆಲಸ ಬೇರೆ, ವಸತಿ ಬೇರೆ. ಟಾರ್ಲ್ಟನ್ ಎರಡು ಕಾರ್ಖಾನೆಗಳನ್ನೂ ನೋಡಿ ಒಂದನ್ನೊಂದಕ್ಕೆ ಹೋಲಿಸುತ್ತಾನೆ. ಒಳಗಿನ ಯಂತ್ರಭಾಗಗಳೆಲ್ಲ ಒಂದೇ. ಹೊರಗಿನ ಹೊದಿಕೆಯ ಬಣ್ಣ ಮಾತ್ರ ಬೇರೆ. ಇನ್ನು, ಹೊಸದಾಗಿ ತಯಾರಾದವರಿಗೆ ತಿಳಿವಳಿಕೆಯನ್ನು ತುಂಬುವ ಶಿಕ್ಷಣಯಂತ್ರವು ಕಿತ್ತಳೆಯವರಿಗೆ ಒಂದು ಪಾಠವನ್ನು, ನೀಲಿಯವರಿಗೆ ಇನ್ನೊಂದು ಪಾಠವನ್ನು ಹೇಳಿಕೊಡುತ್ತದೆ.

ಗಣರಾಜ್ಯಕ್ಕೆ ಸೇರುವ ಕಾಲ ಈ ಗ್ರಹಕ್ಕೆ ಇನ್ನೂ ಬಂದಿಲ್ಲವೆಂದು ಟಾರ್ಲ್ಟನ್ ತೀರ್ಪು ಕೊಡುತ್ತಾನೆ. ತಮಗೆ ಭರವಸೆಯೇ ಇಲ್ಲವೆ ಎಂದು ಮಾರ್ಗದರ್ಶಿ ಕುಗ್ಗಿದ ದನಿಯಲ್ಲಿ ಕೇಳುತ್ತಾನೆ. ಇದೆ, ಭೂಮಿಯ ಮೇಲೆಯೂ ಒಂದು ಕಾಲದಲ್ಲಿ ಹೀಗೆಯೇ ಇತ್ತು, ಕೂಡಿ ಬಾಳುವುದನ್ನು ಮನುಷ್ಯರು ಕಲಿತ ಮೇಲೆ ಎಲ್ಲವೂ ಬದಲಾಯಿತು ಎಂದು ಅತಿಥಿ ಸಮಾಧಾನ ಹೇಳಿ ತನ್ನ ನೌಕೆಯನ್ನೇರುತ್ತಾನೆ. ನೌಕೆ ಮೇಲಕ್ಕೇರಿದ ಮೇಲೆ ಶಿರಸ್ತ್ರಾಣವನ್ನು ತೆಗೆಯುತ್ತಾನೆ. ಕೊನೆಯ ಚಿತ್ರದಲ್ಲಿ ಮೊದಲ ಬಾರಿಗೆ ಅವನ ಮುಖ ಕಾಣುತ್ತದೆ. ಟಾರ್ಲ್ಟನ್ ಕಪ್ಪು ಜನಾಂಗದವನು. ಅವನ ಮುಖದ ಮೇಲೆ ಬೆವರಿನ ಹನಿಗಳು ಹೊಳೆಯುತ್ತಿವೆ.

ಈ ಕಥೆಯನ್ನು ಬರೆದವನು ಆಲ್ ಫೆಲ್ಡ್‌ಸ್ಟೈನ್. ಚಿತ್ರಗಳನ್ನು ಬರೆದವನು ಜೋ ಒರ್ಲಾಂಡೊ. ಪ್ರಕಾಶಕ ವಿಲಿಯಂ ಗೇನ್ಸ್. ಇದು ಮೊದಲು ಅಚ್ಚಾದದ್ದು 1953ರಲ್ಲಿ, 'ವಿಯರ್ಡ್ ಫ್ಯಾಂಟಸಿ' ಎಂಬ ಪತ್ರಿಕೆಯ 18ನೆಯ ಸಂಚಿಕೆಯಲ್ಲಿ. ಪತ್ರಿಕೆಯ ಬೆಲೆ ಹತ್ತು ಸೆಂಟು. ವಿಜ್ಞಾನ ಕಥೆಗಳಿಂದ ಅದಾಗಲೇ ಹೆಸರು ಪಡೆದಿದ್ದ ರೇ ಬ್ರ್ಯಾಡ್‌ಬರಿ ಇದನ್ನು ಓದಿ ಮೆಚ್ಚಿ ಪತ್ರ ಬರೆದ.

ಆ ಮೆಚ್ಚುಗೆಗೆ ಕಾರಣವಿಲ್ಲದಿಲ್ಲ. ಮನುಷ್ಯರ ದೋಷವನ್ನು ಮನುಷ್ಯರ ಮುಖಕ್ಕೇ ಹಿಡಿದರೆ ಅವರು ಮುಖ ತಿರುಗಿಸುತ್ತಾರೆ. ನರಿಗೋ ಸಿಂಹಕ್ಕೋ ಆರೋಪಿಸಿ ಹೇಳಿದರೆ ಕೂತು ಕೇಳುತ್ತಾರೆ. ಪಂಚತಂತ್ರವನ್ನು ಕೇಳಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವಿಜ್ಞಾನ ಕಥೆಯು ಕಾಡಿನ ಬದಲು ಪರಗ್ರಹವನ್ನೂ, ಮೃಗಗಳ ಬದಲು ಯಂತ್ರಗಳನ್ನೂ ಆರಿಸಿಕೊಂಡಿದೆ, ಅಷ್ಟೆ. ಆದರೆ ಇಲ್ಲಿ ಇನ್ನೂ ಒಂದು ಜಾಣ್ಮೆ ಉಂಟು, ಅದು ಚಿತ್ರಕಥೆಗೇ ವಿಶೇಷವಾದದ್ದು. ಪುಟಪುಟದಲ್ಲಿಯೂ ಟಾರ್ಲ್ಟನ್ ಕಣ್ಣೆದುರಿಗಿರುತ್ತಾನೆ, ಮುಖ ಮಾತ್ರ ಇರುವುದಿಲ್ಲ. ಆ ಬರಿದಾದ ಜಾಗದಲ್ಲಿ ಓದುವ ಹುಡುಗ ತನಗೆ ತಿಳಿಯದಂತೆಯೇ ಒಂದು ಮುಖವನ್ನು ಇರಿಸಿಕೊಂಡಿರುತ್ತಾನೆ. ನ್ಯಾಯಾಧಿಪತಿಯ ಸ್ಥಾನದಲ್ಲಿರುವವನ ಬಣ್ಣ ಇಂಥದ್ದೆಂದು ಅವನಿಗೆ ಯಾರೂ ಹೇಳಿರುವುದಿಲ್ಲ, ಅವನೇ ಭಾವಿಸಿಕೊಂಡಿರುತ್ತಾನೆ. ಕೊನೆಯ ಚಿತ್ರವು ಆ ಭಾವನೆಯನ್ನು ಅವನಿಗೇ ತೋರಿಸಿಕೊಡುತ್ತದೆ. ಸೈಬ್ರೀನಿಯಾದ ಶಿಕ್ಷಣಯಂತ್ರವು ತನ್ನೊಳಗೂ ಕೆಲಸ ಮಾಡಿದೆಯೆಂದು ಹುಡುಗನಿಗೆ ಹೊಳೆಯುವುದು ಆಗಲೇ.

ಇಂಥ ಕಥೆಯನ್ನು ಪ್ರಕಟಿಸಿದ ಗೇನ್ಸನನ್ನು ಸಂತನೆಂದು ಭಾವಿಸಬೇಕಾಗಿಲ್ಲ. ಅವನ ತಂದೆ ಬೈಬಲಿನ ಕಥೆಗಳನ್ನು ಚಿತ್ರರೂಪದಲ್ಲಿ ಅಚ್ಚುಹಾಕಿದವರು. 1947ರಲ್ಲಿ ದೋಣಿಯ ಅಪಘಾತದಲ್ಲಿ ಅವರು ತೀರಿಕೊಂಡಾಗ, ರಸಾಯನಶಾಸ್ತ್ರದ ಉಪಾಧ್ಯಾಯನಾಗಲು ಓದುತ್ತಿದ್ದ ಮಗನ ತಲೆಯ ಮೇಲೆ ವ್ಯಾಪಾರದ ಹೊರೆ ಬಿತ್ತು. 'ಎಜುಕೇಷನಲ್ ಕಾಮಿಕ್ಸ್' ಎಂದಿದ್ದ ಸಂಸ್ಥೆಯ ಹೆಸರು 'ಎಂಟರ್‌ಟೈನಿಂಗ್ ಕಾಮಿಕ್ಸ್' ಎಂದು ಬದಲಾಯಿತು. ಶಿಕ್ಷಣದ ಜಾಗಕ್ಕೆ ವಿನೋದ ಬಂದಿತು. ಮಗ ಹೆಚ್ಚಾಗಿ ಲಾಭ ಕಂಡದ್ದು ಭಯಾನಕ ಕಥೆಗಳಲ್ಲಿ. ಕೊಳೆತ ಹೆಣಗಳು ಗೋರಿಯಿಂದೆದ್ದು ಬರುವ ಕಥೆಗಳೂ ಬಣ್ಣಬೇಧವನ್ನು ಖಂಡಿಸುವ ಕಥೆಗಳೂ ಒಂದೇ ಮುದ್ರಣಾಲಯದ ಮಕ್ಕಳು. ಮೊದಲನೆಯದನ್ನು ಕಂಡು ಬೆಚ್ಚಿದ ತಾಯಂದಿರನ್ನು ದೂರುವುದು ನ್ಯಾಯವಾಗದು.

ಅವರ ಅಳುಕಿಗೆ ದನಿಯಾದವರು ಮನೋವೈದ್ಯ ಫ್ರೆಡ್ರಿಕ್ ವರ್ಥಮ್. ಅವರೂ ಕಡೆಗಣಿಸುವಂಥ ವ್ಯಕ್ತಿಯಲ್ಲ. ನ್ಯೂಯಾರ್ಕಿನ ಹಾರ್ಲೆಂ ಭಾಗದಲ್ಲಿ, ಇಗರ್ಜಿಯೊಂದರ ನೆಲಮಾಳಿಗೆಯಲ್ಲಿ, 1946ರಲ್ಲಿ ಅವರು ಲಫಾರ್ಗ್ ಚಿಕಿತ್ಸಾಲಯವನ್ನು ತೆರೆದಿದ್ದರು. ಕಪ್ಪು ಜನರಿಗೆ ಮನೋರೋಗದ ಚಿಕಿತ್ಸೆ ಸುಲಭವಾಗಿ ದೊರೆಯದಿದ್ದ ಕಾಲ ಅದು. ಅಲ್ಲಿನ ಶುಲ್ಕ 25 ಸೆಂಟು. ಕರಿಯ ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರೆಬೇರೆ ಶಾಲೆಗಳಲ್ಲಿರಿಸುವುದರಿಂದ ಎಳೆಯ ಮನಸ್ಸುಗಳಿಗೆ ಹಾನಿಯಾಗುತ್ತದೆಂದು ಡೆಲವೇರ್ ರಾಜ್ಯದ ಮೊಕದ್ದಮೆಯಲ್ಲಿ ಅವರು ಸಾಕ್ಷ್ಯ ನುಡಿದಿದ್ದರು. ಶಾಲೆಗಳಲ್ಲಿನ ಬಣ್ಣಬೇಧವನ್ನು ಅಕ್ರಮವೆಂದು ಸಾರಿದ 1954ರ ಮೇ 17ರ ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಬಂದ ವ್ಯಾಜ್ಯಗಳಲ್ಲಿ ಅದೂ ಒಂದು. ಅದೇ 1954ರಲ್ಲಿ ಅವರ 'ಸೆಡಕ್ಷನ್ ಆಫ್ ದಿ ಇನೊಸೆಂಟ್' ಎಂಬ ಗ್ರಂಥ ಪ್ರಕಟವಾಯಿತು. ಚಿತ್ರಕಥೆಗಳು ಮಕ್ಕಳನ್ನು ಅಪರಾಧದ ಕಡೆಗೆ ಸೆಳೆಯುತ್ತಿವೆಯೆಂಬುದು ಅದರ ವಾದ.

ಆ ವರ್ಷದ ಏಪ್ರಿಲ್ 21ರಂದು ನ್ಯೂಯಾರ್ಕಿನಲ್ಲಿ ಸೆನೆಟ್ ಉಪಸಮಿತಿಯು ಇಬ್ಬರ ಹೇಳಿಕೆಗಳನ್ನೂ ಕೇಳಿತು. ವರ್ಥಮ್ ತಮ್ಮ ವಾದವನ್ನು ಮಂಡಿಸಿದರು. ಗೇನ್ಸನ ಸರದಿ ಬಂದಾಗ ಸೆನೆಟರ್ ಕೆಫಾವರ್ ಅವನದೇ ಪತ್ರಿಕೆಯೊಂದರ ಮುಖಪುಟವನ್ನು ಎತ್ತಿಹಿಡಿದರು. ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಹೆಂಗಸಿನ ಕಡಿದ ತಲೆ. ಇದು ಸದಭಿರುಚಿಯೆ ಎಂಬುದು ಪ್ರಶ್ನೆ. ಭಯಾನಕ ಪತ್ರಿಕೆಯ ಮುಖಪುಟಕ್ಕೆ ಸದಭಿರುಚಿಯೇ ಹೌದೆಂದು ಗೇನ್ಸ್ ಉತ್ತರಿಸಿದ. ತಲೆಯನ್ನು ಇನ್ನಷ್ಟು ಮೇಲಕ್ಕೆತ್ತಿ ಕತ್ತಿನಿಂದ ರಕ್ತ ತೊಟ್ಟಿಕ್ಕುವಂತೆ ತೋರಿಸಿದ್ದರೆ ಮಾತ್ರ ಅಭಿರುಚಿ ಕೆಟ್ಟೀತೆಂದೂ ಸೇರಿಸಿದ. ಆ ಒಂದು ಉತ್ತರ ಮರುದಿನದ ಪತ್ರಿಕೆಗಳಲ್ಲಿ ಮೆರೆಯಿತು. 'ಜಡ್ಜ್‌ಮೆಂಟ್ ಡೇ' ಕಥೆಯನ್ನು ಪ್ರಕಟಿಸಿದವನೂ ಇವನೇ ಎಂಬುದು ಯಾರಿಗೂ ನೆನಪಾಗಲಿಲ್ಲ.

ಸರ್ಕಾರವೇ ಕಾನೂನು ತಂದೀತೆಂದು ಹೆದರಿದ ಪ್ರಕಾಶಕರು ತಾವೇ ಸಂಘ ಕಟ್ಟಿ, 1954ರ ಅಕ್ಟೋಬರಿನಲ್ಲಿ ಒಂದು ನೀತಿಸಂಹಿತೆಯನ್ನು ಅಂಗೀಕರಿಸಿದರು. ಚಾರ್ಲ್ಸ್ ಮರ್ಫಿ ಎಂಬ ನ್ಯಾಯಾಧೀಶರು ಅದರ ಆಡಳಿತಾಧಿಕಾರಿಯಾದರು. ಪೋಲೀಸರನ್ನೂ ನ್ಯಾಯಾಧೀಶರನ್ನೂ ಅಧಿಕಾರಿಗಳನ್ನೂ ಅಗೌರವ ಹುಟ್ಟುವಂತೆ ಚಿತ್ರಿಸಬಾರದು; ಪ್ರತಿಯೊಂದು ಸಂದರ್ಭದಲ್ಲಿಯೂ ಒಳಿತೇ ಕೆಡುಕನ್ನು ಗೆಲ್ಲಬೇಕು; ನಡೆದಾಡುವ ಹೆಣಗಳು, ರಕ್ತಪಿಶಾಚಿಗಳು ಕೂಡದು; ಯಾವ ಮತವನ್ನಾಗಲಿ ಜನಾಂಗವನ್ನಾಗಲಿ ಹಳಿಯುವುದು, ಅಪಹಾಸ್ಯ ಮಾಡುವುದು ಸಲ್ಲದು. ಇಂಥವು ಅದರ ನಿಯಮಗಳು. ಅನುಮತಿಯ ಮುದ್ರೆಯಿಲ್ಲದ ಪತ್ರಿಕೆಗಳನ್ನು ವಿತರಕರು ಮುಟ್ಟಲು ಒಪ್ಪಲಿಲ್ಲ. ಗೇನ್ಸ್ ತನ್ನ ಭಯಾನಕ ಪತ್ರಿಕೆಗಳನ್ನು ನಿಲ್ಲಿಸಿದ. ಮೊದಲು ಹಿಂಜರಿದರೂ ಕೊನೆಗೆ ಸಂಘವನ್ನು ಸೇರಿದ.

1955ರ ಕೊನೆಯ ಭಾಗದಲ್ಲಿ 'ಇನ್‌ಕ್ರೆಡಿಬಲ್ ಸೈನ್ಸ್ ಫಿಕ್ಷನ್' ಎಂಬ ಅವನ ಪತ್ರಿಕೆಯ 33ನೆಯ ಸಂಚಿಕೆ ಸಿದ್ಧವಾಗುತ್ತಿತ್ತು. ಅದರಲ್ಲಿನ ಒಂದು ಕಥೆಯನ್ನು ಸಂಹಿತೆಯ ಕಚೇರಿ ತಳ್ಳಿಹಾಕಿತು. ಖಾಲಿಯಾದ ಪುಟಗಳನ್ನು ತುಂಬಲು ಫೆಲ್ಡ್‌ಸ್ಟೈನ್ ಹಳೆಯ 'ಜಡ್ಜ್‌ಮೆಂಟ್ ಡೇ'ಯನ್ನೇ ಮತ್ತೆ ಕಳುಹಿಸಿಕೊಟ್ಟ. ಅದರಲ್ಲಿ ರಕ್ತವಿಲ್ಲ, ಹೆಣವಿಲ್ಲ, ಕೆಟ್ಟ ಮಾತಿಲ್ಲ. ಆದರೂ ಆಕ್ಷೇಪ ಬಂದಿತು. ಮುಂದೆ ಫೆಲ್ಡ್‌ಸ್ಟೈನ್ ಹೇಳಿಕೊಂಡಂತೆ, ಗಗನಯಾತ್ರಿಯು ಕಪ್ಪು ಮನುಷ್ಯನಾಗಿರಕೂಡದೆಂದು ಮರ್ಫಿ ಹೇಳಿದರು. ಕಥೆಯ ಜೀವವೇ ಅದರಲ್ಲಿರುವಾಗ ತೆಗೆಯುವುದೆಂತು? ವಿಷಯವನ್ನು ಪತ್ರಿಕೆಗಳ ಮುಂದಿಡುತ್ತೇನೆ, ನ್ಯಾಯಾಲಯಕ್ಕೂ ಹೋಗುತ್ತೇನೆಂದು ಗೇನ್ಸ್ ಎಚ್ಚರಿಕೆ ಕೊಟ್ಟ. ಆಗ ಮರ್ಫಿ ಒಂದು ಹೆಜ್ಜೆ ಹಿಂದೆ ಸರಿದು, ಹೋಗಲಿ, ಮುಖದ ಮೇಲಿನ ಬೆವರಿನ ಹನಿಗಳನ್ನಾದರೂ ತೆಗೆಯಿರಿ ಎಂದರಂತೆ.

ಬೆವರಿನ ಹನಿಗಳಿಂದ ಯಾವ ಮಗುವಿನ ಶೀಲ ಕೆಡುತ್ತಿತ್ತೆಂದು ಯಾರೂ ವಿವರಿಸಲಿಲ್ಲ. ಗೇನ್ಸ್ ಕಟುವಾದ ಮಾತನ್ನಾಡಿ ದೂರವಾಣಿಯನ್ನು ಕೆಳಗಿಟ್ಟ. ಕಥೆ ಒಂದು ಗೆರೆಯೂ ಬದಲಾಗದೆ, ಬೆವರಿನ ಹನಿಗಳ ಸಮೇತ, 1956ರ ಜನವರಿ–ಫೆಬ್ರವರಿ ಸಂಚಿಕೆಯಲ್ಲಿ ಅಚ್ಚಾಯಿತು. ಆ ಸಂಸ್ಥೆಯಿಂದ ಹೊರಬಂದ ಕೊನೆಯ ಚಿತ್ರಕಥಾ ಪತ್ರಿಕೆ ಅದೇ. ಅಲ್ಲಿಂದ ಮುಂದೆ ಗೇನ್ಸನ ಕೈಯಲ್ಲಿ ಉಳಿದದ್ದು 'ಮ್ಯಾಡ್' ಎಂಬ ಹಾಸ್ಯಪತ್ರಿಕೆಯೊಂದೆ. 1955ರಲ್ಲಿಯೇ ಅದರ ಆಕಾರವನ್ನು ಬದಲಿಸಿ ದೊಡ್ಡ ಪತ್ರಿಕೆಯನ್ನಾಗಿ ಮಾಡಿದ್ದುದರಿಂದ ಸಂಹಿತೆಯ ಹಿಡಿತ ಅದನ್ನು ಮುಟ್ಟಲಿಲ್ಲ.

ಆ ಸಂಚಿಕೆಯ ಕಾಲವನ್ನು ಗಮನಿಸಬೇಕು. 1955ರ ಡಿಸೆಂಬರ್ 1ರಂದು ಅಲಬಾಮ ರಾಜ್ಯದ ಮಾಂಟ್‌ಗೊಮರಿ ನಗರದಲ್ಲಿ ರೋಸಾ ಪಾರ್ಕ್ಸ್ ಎಂಬಾಕೆ ಬಸ್ಸಿನಲ್ಲಿ ಬಿಳಿಯನಿಗೆ ಜಾಗ ಬಿಟ್ಟುಕೊಡಲು ನಿರಾಕರಿಸಿ ಬಂಧನಕ್ಕೊಳಗಾದರು. ಅವರ ಜನಾಂಗದವರಿಗೆ ಅಲ್ಲಿ ಗೊತ್ತುಮಾಡಿದ್ದ ಜಾಗ, ಸೈಬ್ರೀನಿಯಾದ ನೀಲಿಯವರಿಗೆ ಇದ್ದಂತೆ, ಬಸ್ಸಿನ ಹಿಂಭಾಗ. ಪರಗ್ರಹದ ಕಟ್ಟುಕಥೆಯೆಂದು ತೋರಿದ್ದು ಓದುಗರ ಊರಿನ ಬೀದಿಯಲ್ಲಿಯೇ ನಡೆಯುತ್ತಿತ್ತು.

ಮರ್ಫಿಯವರನ್ನು ದುಷ್ಟರೆಂದು ಬಿಟ್ಟರೆ ಈ ಪ್ರಸಂಗದ ಪಾಠ ಕೈತಪ್ಪಿಹೋಗುತ್ತದೆ. ಜನಾಂಗನಿಂದೆ ಸಲ್ಲದೆಂದು ಅವರ ಸಂಹಿತೆಯೇ ಸಾರುತ್ತಿತ್ತು. ಆ ನಿಂದೆಯನ್ನು ಖಂಡಿಸುವ ಕಥೆಗೆ ಅಡ್ಡಬಂದದ್ದೂ ಅದರ ಕಚೇರಿಯೇ. ಬಣ್ಣಬೇಧದಿಂದ ಮಕ್ಕಳಿಗಾಗುವ ಹಾನಿಯನ್ನು ನ್ಯಾಯಾಲಯದಲ್ಲಿ ಹೇಳಿದ ವರ್ಥಮ್ ಅವರ ಗ್ರಂಥವೇ ಆ ಕಚೇರಿಯ ಹುಟ್ಟಿಗೆ ಒಂದು ಮುಖ್ಯ ಕಾರಣವಾಯಿತು. ಅವರು ಬಯಸಿದ್ದು ಇದನ್ನಲ್ಲ. ಎಳೆಯರಿಗೆ ಇಂಥ ಪತ್ರಿಕೆಗಳ ಮಾರಾಟವನ್ನು ಕಾನೂನಿನಿಂದ ತಡೆಯಬೇಕೆಂಬುದು ಅವರ ಬೇಡಿಕೆ. ಸಂಹಿತೆ ಅವರಿಗೆ ತೃಪ್ತಿ ಕೊಡಲಿಲ್ಲ. ಹೀಗೆ ಒಳ್ಳೆಯ ಉದ್ದೇಶವುಳ್ಳವರೇ ಸುತ್ತ ನಿಂತಿರುವಾಗ ಒಂದು ಒಳ್ಳೆಯ ಕಥೆ ಕತ್ತು ಹಿಸುಕಿಸಿಕೊಳ್ಳುವುದರಲ್ಲಿತ್ತು. ನಿಯಮಗಳ ಪಟ್ಟಿ ಹಿಡಿದು ಓದುವವನ ಕಣ್ಣಿಗೆ ಚಿತ್ರದ ಮೇಲ್ಮೈ ಮಾತ್ರ ಕಾಣುತ್ತದೆ. ಹೆಣ ಇದೆಯೆ, ರಕ್ತ ಇದೆಯೆ, ಕಳ್ಳ ಸಿಕ್ಕಿಬಿದ್ದನೆ ಎಂದು ಅವನು ಎಣಿಸಬಲ್ಲ. ಕಥೆ ಮುಗಿದ ಮೇಲೆ ಮಗುವಿನ ಎದೆಯಲ್ಲಿ ಏನು ಉಳಿಯಿತೆಂಬುದು ಅವನ ಎಣಿಕೆಗೆ ಸಿಕ್ಕುವುದಿಲ್ಲ.

ಕಾಲಕ್ರಮದಲ್ಲಿ ಸಂಹಿತೆ ಸಡಿಲವಾಯಿತು. 1971ರಲ್ಲಿ ಮಾದಕ ವಸ್ತುಗಳ ಕೇಡನ್ನು ತಿಳಿಸುವ 'ಸ್ಪೈಡರ್‌ಮ್ಯಾನ್' ಕಥೆಯೊಂದು ಮುದ್ರೆಯಿಲ್ಲದೆಯೇ ಹೊರಬಂದಿತು. ಆ ವಸ್ತುಗಳ ಹೆಸರೆತ್ತುವುದೇ ನಿಷಿದ್ಧವಾಗಿದ್ದುದರಿಂದ, ಕೇಡನ್ನು ತಿಳಿಸುವುದಕ್ಕೂ ಅನುಮತಿ ದೊರೆತಿರಲಿಲ್ಲ. ಅದೇ ವರ್ಷ ನಿಯಮಗಳನ್ನು ತಿದ್ದಲಾಯಿತು. 2011ರಲ್ಲಿ ಕೊನೆಯ ಪ್ರಕಾಶಕರೂ ಕೈಬಿಟ್ಟು ಮುದ್ರೆ ಇಲ್ಲವಾಯಿತು. ವರ್ಥಮ್ ಅವರ ಕಾಗದಪತ್ರಗಳನ್ನು ಪರಿಶೀಲಿಸಿದ ಕ್ಯಾರಲ್ ಟಿಲ್ಲಿ ಎಂಬ ವಿದುಷಿ, ಅವರು ತಮ್ಮ ಬಳಿಗೆ ಬಂದ ಮಕ್ಕಳ ಮಾತುಗಳನ್ನು ಗ್ರಂಥದಲ್ಲಿ ತಿರುಚಿ, ಕೂಡಿಸಿ, ಬಿಟ್ಟು ಬರೆದಿದ್ದರೆಂದು 2012ರಲ್ಲಿ ತೋರಿಸಿಕೊಟ್ಟರು. ಮಕ್ಕಳ ಹಿತಕ್ಕಾಗಿ ಬರೆದ ಪುಸ್ತಕದಲ್ಲಿ ಮಕ್ಕಳ ಮಾತಿಗೇ ನ್ಯಾಯ ದೊರೆತಿರಲಿಲ್ಲ.

ಹಾಗೆಂದು ಮಕ್ಕಳು ಏನನ್ನಾದರೂ ಓದಿಕೊಳ್ಳಲಿ ಎಂದು ಹಿರಿಯರು ಸುಮ್ಮನಿರಬೇಕೆಂದಲ್ಲ. ಕಡಿದ ತಲೆಯ ಮುಖಪುಟವನ್ನು ಹತ್ತು ವರ್ಷದ ಮಗುವಿನ ಕೈಯಿಂದ ತೆಗೆದಿಡುವ ತಾಯಿಯನ್ನು ಯಾರೂ ತಪ್ಪೆನ್ನಲಾರರು. ಆದರೆ ಆ ತಾಯಿ ಪುಸ್ತಕವನ್ನು ತೆಗೆದಿಡುವ ಮೊದಲು ಕೊನೆಯ ಪುಟದವರೆಗೆ ತಾನೂ ಓದಬೇಕು. ಅನುಮತಿಯ ಮುದ್ರೆ ಆ ಕೆಲಸವನ್ನು ಆಕೆಯ ಪರವಾಗಿ ಮಾಡಲಾರದೆಂಬುದನ್ನು ಟಾರ್ಲ್ಟನ್ನನ ಕಥೆಯೇ ತೋರಿಸಿಕೊಟ್ಟಿದೆ. ಓದಿ ಮುಗಿಸಿದ ಮಗು ಒಂದು ಗಳಿಗೆ ಸುಮ್ಮನಿದ್ದು, "ಅಮ್ಮ, ಒಳಗಿನದೆಲ್ಲ ಒಂದೇ ಆಗಿದ್ದರೆ ನೀಲಿಯವರು ಹಿಂದೆ ಯಾಕೆ ಕೂರಬೇಕು?" ಎಂದು ಕೇಳಿದರೆ, ಆ ಹತ್ತು ಸೆಂಟಿನ ಪುಸ್ತಕ ತನ್ನ ಕೆಲಸವನ್ನು ಮಾಡಿದೆ. ಉತ್ತರ ಹೇಳುವುದು ಅಮ್ಮನ ಪಾಲಿಗೆ ಉಳಿದಿದೆ.