ಚರ್ಮದಲ್ಲಿ ನರ ಹುಡುಕಿದ ವಿದ್ಯಾರ್ಥಿ

ಮೇದೋಜೀರಕ ಗ್ರಂಥಿಯ ಪಾಠದಲ್ಲಿ ‘ಲ್ಯಾಂಗರ್‌ಹಾನ್ಸ್ ಕಿರುದ್ವೀಪ’ಗಳ ಹೆಸರು ಬಾಯಿಪಾಠ ಮಾಡುವ ಪಿ.ಯು.ಸಿ. ಮಕ್ಕಳು, ಆತ ಯಾರೋ ನರೆಗೂದಲಿನ ಪ್ರೊಫೆಸರ್ ಇರಬೇಕೆಂದು ಭಾವಿಸುವುದುಂಟು. ಆ ಕಿರುದ್ವೀಪಗಳನ್ನು 1869ರಲ್ಲಿ ವರ್ಣಿಸಿದಾಗ ಪಾಲ್ ಲ್ಯಾಂಗರ್‌ಹಾನ್ಸ್‌ಗೆ 21 ವರ್ಷ. ಅದಕ್ಕೂ ಹಿಂದಿನ ವರ್ಷವೇ, ಬರ್ಲಿನ್ನಿನಲ್ಲಿ ವೈದ್ಯಕೀಯ ಓದುತ್ತಿರುವಾಗಲೇ, ಆತ ಮನುಷ್ಯನ ಚರ್ಮದ ನರಗಳನ್ನು ಕುರಿತು ಸಂಶೋಧನಾ ಲೇಖನ ಪ್ರಕಟಿಸಿದ್ದ.

ವಿಶ್ವವಿದ್ಯಾಲಯ ಏರ್ಪಡಿಸಿದ್ದ ಸ್ಪರ್ಧೆಯೊಂದಕ್ಕಾಗಿ ಮಾಡಿದ ಕೆಲಸವದು. ತೆಳುವಾಗಿ ಸೀಳಿದ ಚರ್ಮದಲ್ಲಿ ನರದ ಎಳೆಗಳು ಸುಲಭವಾಗಿ ಕಾಣುವುದಿಲ್ಲ. ಅದನ್ನು ಚಿನ್ನದ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿ ಬೆಳಕಿಗೊಡ್ಡಿದರೆ ಎಳೆಗಳ ಮೇಲೆ ಚಿನ್ನದ ಸೂಕ್ಷ್ಮ ಕಣಗಳು ಕೂತು ಅವು ಕಪ್ಪಾಗುತ್ತವೆ. ಜೂಲಿಯಸ್ ಕೋನ್‌ಹೈಮ್ ಬಳಕೆಗೆ ತಂದಿದ್ದ ವಿಧಾನವಿದು. ಹೀಗೆ ನೋಡುವಾಗ ಚರ್ಮದ ಹೊರಪದರದಲ್ಲಿ, ಕೊಂಬೆಗಳು ಚಾಚಿದ ಗಿಡದಂಥ ಜೀವಕೋಶಗಳು ಆತನಿಗೆ ಕಂಡವು. ಆಕಾರ ಥೇಟ್ ನರಕೋಶದ್ದೇ. ಇವು ನರಮಂಡಲಕ್ಕೆ ಸೇರಿದವೆಂದೇ ಆತ ತಿಳಿದ.

ಅವು ನರಕೋಶಗಳಲ್ಲ! ದೇಹದ ರಕ್ಷಣಾಪಡೆಗೆ ಸೇರಿದವು ಎಂದು ತಿಳಿಯಲು 1970ರ ದಶಕವೇ ಬರಬೇಕಾಯಿತು. ಚರ್ಮದೊಳಕ್ಕೆ ನುಸುಳಿದ ಪರಕೀಯ ವಸ್ತುವನ್ನು ಹಿಡಿದು, ದುಗ್ಧಗ್ರಂಥಿಗೆ ಒಯ್ದು, ಅಲ್ಲಿನ ಬಿಳಿ ರಕ್ತಕಣಗಳಿಗೆ ‘ಇಗೋ ಕಳ್ಳ’ ಎಂದು ತೋರಿಸುವ ಕಾವಲುಗಾರರು ಇವು. ಆದರೂ ಹೆಸರು ‘ಲ್ಯಾಂಗರ್‌ಹಾನ್ಸ್ ಕೋಶ’ ಎಂದೇ ಉಳಿಯಿತು. ಅರ್ಥ ತಪ್ಪಿದ್ದರೂ ನೋಟ ತಪ್ಪಿರಲಿಲ್ಲ. ಯಾವ ವಿಧಾನದಿಂದ, ಯಾವ ಪದರದಲ್ಲಿ, ಎಂಥ ಆಕಾರ ಕಂಡಿತೆಂಬುದು ಅಚ್ಚಾಗಿತ್ತು. ಮರುವರ್ಷ ಕಿರುದ್ವೀಪಗಳ ವಿಷಯದಲ್ಲಂತೂ, ಅವುಗಳ ಕೆಲಸವೇನೆಂದು ತನಗೆ ತಿಳಿಯದೆಂದು ಆತ ಮುಚ್ಚುಮರೆಯಿಲ್ಲದೆ ಬರೆದ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಸೊನ್ನೆ, ಅದು ಬೇರೆ ಮಾತು.

ಈಗ ಪದವಿ ವಿದ್ಯಾರ್ಥಿಗಳ ನರವಿಜ್ಞಾನ ಲೇಖನಗಳಿಗೆಂದೇ ಹೊರದೇಶಗಳಲ್ಲಿ ನಿಯತಕಾಲಿಕೆಗಳಿವೆ. ಹಣ ತೆತ್ತರೆ ಏನನ್ನಾದರೂ ಅಚ್ಚು ಹಾಕುವ ಅಂಗಡಿಗಳೂ ಇವೆ. ಮಗನ ಹೆಸರು ಅಚ್ಚಿನಲ್ಲಿ ಬಂತೆಂದು ಹಿಗ್ಗುವ ತಂದೆತಾಯಿಯರು ಒಮ್ಮೆ ಅವನನ್ನೇ ಕೂರಿಸಿಕೊಂಡು, ನೀನು ಕಣ್ಣಾರೆ ಕಂಡದ್ದೇನು, ಊಹಿಸಿದ್ದೇನು ಎಂದು ಬಿಡಿಸಿ ಕೇಳುವುದು ಒಳ್ಳೆಯದು.

ಲ್ಯಾಂಗರ್‌ಹಾನ್ಸ್ 1888ರಲ್ಲಿ, 40ರ ಹರೆಯದಲ್ಲಿ, ಮದೀರಾ ದ್ವೀಪದಲ್ಲಿ ತೀರಿಕೊಂಡ. ಆತನ ಊಹೆಗೂ ಒಂದು ಮರುಜೀವ ಸಿಕ್ಕಿತೆನ್ನಿ. ಚರ್ಮದ ನರತುದಿಗಳು ಈ ಕೋಶಗಳನ್ನು ತಾಗಿಕೊಂಡಿರುತ್ತವೆ, ಅವು ಸ್ರವಿಸುವ ರಾಸಾಯನಿಕವೊಂದು ಈ ಕಾವಲುಗಾರರ ಚುರುಕನ್ನು ತಗ್ಗಿಸಬಲ್ಲದು ಎಂದು 1993ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು.